ಹನ್ನೊಂದು ಜನರ ಅಕ್ಕಿ

ಪಶ್ಚಿಮ ತಾಂಬರಂ, ಚೆನ್ನೈ
18 ಜನವರಿ 1999

ಮಾನ್ಯ ಅನಸೂಯ ಅಂದಾನಿಯವರಿಗೆ,

ಅಂಬುಜಾ ಮಾಡುವ ನಮಸ್ಕಾರಗಳು. ನಾನು ಯಾರೆಂದು ನಿಮಗೆ ಗೊತ್ತಿರುವ ಸಂಭವವಿಲ್ಲ. ಇಲ್ಲಿಯ ಪ್ಯಾರಿಸ್ ಕಾರ್ನರಿನ ವಿಮಾ ಕಚೇರಿಯೊಂದರಲ್ಲಿ ಮೂವತ್ತಮೂರು ವರ್ಷ ಕಡತಗಳ ನಡುವೆ ಕುಳಿತು, ಕಳೆದ ತಿಂಗಳು ಎದ್ದು ಬಂದವಳು. ಹಾರ ಹಾಕಿದರು, ಗಡಿಯಾರ ಕೊಟ್ಟರು. ಇನ್ನು ಹೊತ್ತು ನೋಡುವ ಅಗತ್ಯವೇ ಇಲ್ಲದವಳಿಗೆ ಗಡಿಯಾರ!

ನಿಮ್ಮ ‘ಎರಡನೇ ಒಲೆ’ ಕಾದಂಬರಿಯನ್ನು ನಾನು ಓದಿದ್ದು 1978ರಲ್ಲಿ. ಆಗಿನಿಂದ ಅದು ನನ್ನ ಜೊತೆಗೇ ಇದೆ. ಒಟ್ಟು ಮನೆಯಿಂದ ಬೇರೆಯಾಗಿ, ಅದೇ ಮನೆಯ ಹಿಂದಿನ ಕೋಣೆಯಲ್ಲಿ ಇನ್ನೊಂದು ಒಲೆ ಹೂಡುವ ನಿಮ್ಮ ಗಿರಿಜೆಯನ್ನು ನನ್ನ ಸ್ವಂತ ಅಕ್ಕತಂಗಿಯರಿಗಿಂತ ಚೆನ್ನಾಗಿ ಬಲ್ಲೆ ಎಂದರೆ ಉತ್ಪ್ರೇಕ್ಷೆಯಲ್ಲ. ನಿವೃತ್ತಳಾದ ಮೇಲೆ ಏನು ಮಾಡುತ್ತೀರಿ ಎಂದು ಎಲ್ಲರೂ ಕೇಳಿದರು. ಯಾರಿಗೂ ಹೇಳಲಿಲ್ಲ. ಹತ್ತು ವರ್ಷದಿಂದ ನಿಮ್ಮ ಕಾದಂಬರಿಯ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದೆ. ಈಗ ಅದು ಮುಗಿದಿದೆ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ನನ್ನದು ಎನ್ನಲು ಇದೊಂದೇ ಇರುವುದು.

ಇಲ್ಲಿಯ ಕನ್ನಡ ಸಂಘ ತನ್ನ ಐವತ್ತನೆಯ ವರ್ಷಕ್ಕೆ ಅದನ್ನು ಅಚ್ಚು ಮಾಡಲು ಒಪ್ಪಿದೆ. ಕಾರ್ಯದರ್ಶಿ ಪ್ರಮೋದ ವಕೀಲರು. ಅವರೆಂದರು: “ಮೇಡಂ, ವಿಮರ್ಶೆಗೆ ಅಂತ ನಾಲ್ಕು ಸಾಲು ಎತ್ಕೊಂಡು, ಯಾರದು ಅಂತ ಹೆಸರು ಹಾಕಿದ್ರೆ ಕಾನೂನು ಏನೂ ಅನ್ನಲ್ಲ. ಆದ್ರೆ ನೀವು ನಲವತ್ತೊಂದು ಕಡೆ ಎತ್ತಿದೀರಿ, ಕೆಲವು ಇಡೀ ಪುಟ. ಲೇಖಕಿಯಿಂದ ಒಂದು ಕಾಗದ ತರಿಸಿಬಿಡಿ. ಆಗ ನನಗೂ ನಿದ್ದೆ ಬರತ್ತೆ.”

ಅವರ ನಿದ್ದೆಗಾಗಿ ಮಾತ್ರವಲ್ಲ, ನನಗಾಗಿಯೂ ಕೇಳುತ್ತಿದ್ದೇನೆ. ದಯವಿಟ್ಟು ಅನುಮತಿ ಕೊಡಿ.

ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ಅಂಬುಜಾ

*

ಗದಗ
2 ಫೆಬ್ರವರಿ 1999

ಶ್ರೀಮತಿ, ಅಲ್ಲ, ಕುಮಾರಿ ಅಂಬುಜಾ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ‘ಎರಡನೇ ಒಲೆ’ಯನ್ನು ನೆನಪಿಟ್ಟವರು ಇನ್ನೂ ಒಬ್ಬರಿದ್ದಾರೆ ಎಂದು ತಿಳಿದು ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. 1974ರಲ್ಲಿ ಸಾವಿರ ಪ್ರತಿ ಅಚ್ಚಾದ ಪುಸ್ತಕ. ಮುನ್ನೂರನ್ನು ಗೆದ್ದಲು ಓದಿತು. ಪೂರ್ತಿ ಓದಿತು, ಅರ್ಧಕ್ಕೆ ಬಿಡಲಿಲ್ಲ, ಅದಕ್ಕಾಗಿ ಅದರ ಮೇಲೆ ನನಗೆ ಗೌರವವಿದೆ.

ಅನುಮತಿಯ ವಿಷಯ. ಹತ್ತು ವರ್ಷದ ಹಿಂದೆ ಒಬ್ಬ ಮಹಾಶಯ ನನ್ನ ಕಥೆಗಳ ಮೇಲೆ ವಿಮರ್ಶೆಯೆಂದು ಪುಸ್ತಕ ತಂದ. ನಲವತ್ತು ಪುಟ ನನ್ನದು, ನಾಲ್ಕು ಪುಟ ಅವನದು. ಆ ನಾಲ್ಕರಲ್ಲೂ ಎರಡು, ಅವನಿಗೆ ಸಹಾಯ ಮಾಡಿದವರ ಹೆಸರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಕೇಳಿದರೆ, “ಕಾನೂನು ಬಿಡತೈತಿ” ಎಂದ. ಅಂದಿನಿಂದ ಯಾರು ಕೇಳಿದರೂ ಇಲ್ಲ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ನೀವು ಮೊದಲೇ ಕೇಳಿದ್ದೀರಿ, ಅದಕ್ಕೆ ಈ ಉತ್ತರ. ಎತ್ತಿಕೊಂಡ ಭಾಗಗಳನ್ನೂ ಅವುಗಳ ಕೆಳಗೆ ನೀವು ಬರೆದದ್ದನ್ನೂ ಕಳಿಸಿ. ನನ್ನ ಸಾಲಿಗಿಂತ ನಿಮ್ಮ ಸಾಲು ಹೆಚ್ಚಿದ್ದರೆ ವಿಮರ್ಶೆ, ಕಡಿಮೆಯಿದ್ದರೆ ಕಳವು. ನನ್ನ ಕಾನೂನು ಇಷ್ಟೇ.

ಮತ್ತೊಂದು. ಕಾನೂನು ಹೇಗೂ ಬಿಡುತ್ತದೆ ಎಂದ ಮೇಲೆ ನಿಮಗಾಗಿ ಯಾಕೆ ಕೇಳಿದಿರಿ?

ಅನಸೂಯ ಅಂದಾನಿ

*

ಪಶ್ಚಿಮ ತಾಂಬರಂ
20 ಫೆಬ್ರವರಿ 1999

ಪ್ರೀತಿಯ ಅನಸೂಯ ಅವರಿಗೆ,

ಭಾಗಗಳನ್ನು ಬೇರೆ ಲಕೋಟೆಯಲ್ಲಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಿಮ್ಮ ಸಾಲು, ನನ್ನ ಸಾಲು ಎರಡನ್ನೂ ಎಣಿಸಿಯೇ ಕಳಿಸಿದೆ. ಹೆದರಿಬಿಟ್ಟಿದ್ದೆ.

ಯಾಕೆ ಕೇಳಿದೆ ಎಂದಿರಿ. ಪಕ್ಕದ ಮನೆಯ ಕರಿಬೇವಿನ ಗಿಡ ಗೋಡೆ ದಾಟಿ ನಮ್ಮ ಕಡೆ ಬಾಗಿದೆ. ಒಂದೆಸಳು ಕಿತ್ತರೆ ಯಾರೂ ಏನೂ ಅನ್ನುವುದಿಲ್ಲ. ಆದರೂ “ಕೀಳಲಾ ಮಾಮಿ?” ಎಂದು ಕೂಗಿಯೇ ಕೀಳುತ್ತೇನೆ. ಹಾಗೆ ಕೂಗಿದಾಗಲೆಲ್ಲ ಆ ಮಾಮಿ ಗೋಡೆಯ ಹತ್ತಿರ ಬಂದು ಹತ್ತು ನಿಮಿಷ ಮಾತಾಡಿ ಹೋಗುತ್ತಾರೆ. ನನಗೆ ಬೇಕಾದದ್ದು ಕರಿಬೇವು ಮಾತ್ರವಲ್ಲ.

ನಿಮ್ಮ ಕಾದಂಬರಿ ನನ್ನ ಕೈಗೆ ಬಂದ ಬಗೆಯನ್ನೂ ಹೇಳಿಬಿಡುತ್ತೇನೆ. ತಾಂಬರಂನಿಂದ ಬೀಚ್ ಸ್ಟೇಷನ್ನಿಗೆ ಎಲೆಕ್ಟ್ರಿಕ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಹೆಂಗಸರ ಡಬ್ಬಿಯಲ್ಲಿ ನಾವು ಮೂವರು ಕನ್ನಡದವರು: ನಾನು, ನಮ್ಮದೇ ಕಚೇರಿಯ ವೃಂದಾ, ಎಗ್ಮೋರಿನಲ್ಲಿ ಇಳಿಯುತ್ತಿದ್ದ ಬ್ಯಾಂಕಿನ ಲಕ್ಷ್ಮೀ. ಒಬ್ಬಳು ಗಟ್ಟಿಯಾಗಿ ಓದುವುದು, ಇಬ್ಬರು ಕೇಳುವುದು. ಹಾಗೆ ಓದುತ್ತಿದ್ದಾಗ ಒಮ್ಮೆ ಸಂಘದ ಪುಸ್ತಕವೊಂದರ ಮೇಲೆ ನನ್ನ ಡಬ್ಬದ ಸಾಂಬಾರು ಚೆಲ್ಲಿತು. ಗ್ರಂಥಪಾಲಕ ಹರಿದಾಸರು ಅದನ್ನು ಮೂಸಿ ನೋಡಿ ಅಪ್ಪಣೆ ಹೊರಡಿಸಿದರು: “ಇನ್ನು ಮೇಲೆ ಪುಸ್ತಕ ರೈಲು ಹತ್ತಕೂಡದು.”

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಪುಸ್ತಕ ಮನೆಯಲ್ಲೇ ಇರಬೇಕು. ಆ ವಾರದ ಸರದಿಯವಳು ಓದುವಷ್ಟನ್ನು ನೋಟುಬುಕ್ಕಿಗೆ ಇಳಿಸಿಕೊಂಡು ಬರಬೇಕು. ‘ಎರಡನೇ ಒಲೆ’ ಹೀಗೆ ಐದು ತಿಂಗಳು ರೈಲಿನಲ್ಲಿ ಓಡಾಡಿತು. ಎದುರು ಸೀಟಿನ ತಮಿಳು ಟೀಚರಮ್ಮ ಕೂಡ ಅರ್ಥ ಕೇಳಿಕೊಂಡು, “ಅಪ್ಪುರಂ? ಆಮೇಲೇನಾಯ್ತು ಗಿರಿಜಾಗೆ?” ಎಂದು ಪೀಡಿಸುತ್ತಿದ್ದರು. ಮುಂದೆ ನಾನು ಆ ನೋಟುಬುಕ್ಕುಗಳನ್ನೆಲ್ಲ ಒಂದು ದಪ್ಪ ಪುಸ್ತಕಕ್ಕೆ ಚೆನ್ನಾಗಿ ಬರೆದುಕೊಂಡೆ. ನಿಮ್ಮ ಪುಸ್ತಕ ಕೊಳ್ಳೋಣವೆಂದರೆ ಎಲ್ಲೂ ಸಿಕ್ಕಲಿಲ್ಲ. ನನ್ನ ಬಳಿ ಇರುವುದು ಆ ನಕಲು ಮಾತ್ರ. ಇದೂ ಕಳವೇ ಎನ್ನುವುದಾದರೆ ಕ್ಷಮಿಸಿ.

ವೃಂದಾ ಈಗ ಇಲ್ಲ. ಆರು ವರ್ಷವಾಯಿತು.

ಇಪ್ಪತ್ತೇಳನೆಯ ಭಾಗವನ್ನು ಗಮನವಿಟ್ಟು ನೋಡಿ. ನನ್ನ ಆರನೆಯ ಅಧ್ಯಾಯ ಪೂರ್ತಿ ಅದರ ಮೇಲೆಯೇ ನಿಂತಿದೆ. ಅದನ್ನು ಓದಿದ ದಿನ ಲಕ್ಷ್ಮೀ ಎಗ್ಮೋರಿನಲ್ಲಿ ಇಳಿಯಲೇ ಇಲ್ಲ. ಬೀಚಿನವರೆಗೆ ನಮ್ಮ ಜೊತೆಗೇ ಬಂದಳು.

ನಿಮ್ಮ,
ಅಂಬುಜಾ

*

ಗದಗ
15 ಏಪ್ರಿಲ್ 1999

ಅಂಬುಜಾ ಅವರೇ,

ಎರಡು ತಿಂಗಳು ತಡಮಾಡಿದ್ದು ಸಿಟ್ಟು ಇಳಿಯಲೆಂದು. ಇಳಿಯಲಿಲ್ಲ.

ನೀವು ಬರೆದದ್ದು ಚೆನ್ನಾಗಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುವುದಿಲ್ಲ. ಸೊಸೆಯಂದಿರು ಜಗಳವಾಡದೆ ಬೇರೆಯಾಗುವುದನ್ನು ನಾನು ಯಾಕೆ ಬರೆದೆ ಎಂಬುದು ನನಗೇ ತಿಳಿದಿರಲಿಲ್ಲ, ನೀವು ತಿಳಿಸಿದಿರಿ.

ಈಗ ಇಪ್ಪತ್ತೇಳನೆಯ ಭಾಗ. ನೀವು ಕಳಿಸಿದ್ದನ್ನೇ ಇಳಿಸುತ್ತೇನೆ:

“ಬೇರೆ ಒಲೆ ಹೂಡಿದ ಮೊದಲ ದಿನ ಗಿರಿಜೆ ಅಕ್ಕಿ ತೊಳೆದಳು. ನೀರು ಬಸಿಯುವಾಗ ನೋಡಿದಳು. ಕೈ ತನ್ನ ಪಾಡಿಗೆ ಹನ್ನೊಂದು ಜನರ ಅಕ್ಕಿ ಅಳೆದಿತ್ತು. ಈಗ ಉಣ್ಣುವವರು ಮೂವರು. ಮೂವರದನ್ನು ಪಾತ್ರೆಗೆ ಹಾಕಿ, ಮಿಕ್ಕ ಎಂಟು ಜನರದನ್ನು ಮೊರದಲ್ಲಿಟ್ಟುಕೊಂಡು ಬಿಸಿಲಿಗೆ ಹೋದಳು. ಹರಡುವಾಗ ಬೆರಳು ಹೆಸರು ಹಿಡಿದು ಹರಡಿತು. ಇದು ಅತ್ತೆಯದು, ಇದು ಮಾವನದು, ಇದು ಮಾತು ಬಿಟ್ಟ ಓರಗಿತ್ತಿಯದು. ಸಂಜೆಗೆ ಅಕ್ಕಿ ಒಣಗಿತು. ಯಾರೂ ಬಂದು ಕೇಳಲಿಲ್ಲ.”

ಇದು ನನ್ನದಲ್ಲ. ಇದರಲ್ಲಿ ಒಂದು ಸಾಲೂ ನನ್ನದಲ್ಲ.

ನನ್ನ ನೆರೆಮನೆಯ ಹುಚ್ಚಮ್ಮನಿಗೆ ಓದಿ ಹೇಳಿದೆ. ಗಿರಿಜೆಯ ಅಡುಗೆಮನೆಯನ್ನು ನಾನು ಬರೆದದ್ದು ಅವಳ ಅಡುಗೆಮನೆಯನ್ನು ನೋಡಿಯೇ. ಅವಳು ಬಿದ್ದು ಬಿದ್ದು ನಕ್ಕಳು: “ಯವ್ವಾ, ನಿನ್ನ ಗಿರಿಜಾ ದಿನಾ ಅನ್ನ ಮಾಡಾಕ ಯಾವಾಗ ಹತ್ತಿದ್ಳು? ನಮ್ಮನ್ಯಾಗ ಅಕ್ಕಿ ಕಾಣೋದು ಹಬ್ಬಕ್ಕಲ್ಲ?” ಜೋಳದ ರೊಟ್ಟಿ ತಟ್ಟುವ ಮನೆ ಅದು. ಕಾದಂಬರಿಯ ಮೊದಲ ಪುಟದಲ್ಲೇ ರೊಟ್ಟಿಯ ಸದ್ದಿದೆ. ಮತ್ತು ಆ ಮನೆಯಲ್ಲಿ ಒಂಬತ್ತು ಜನ. ಹನ್ನೊಂದು ಎಲ್ಲಿಂದ ಬಂತು? ಇಪ್ಪತ್ತು ವರ್ಷ ಓದಿದ ನಿಮಗೆ ಇದು ಕಾಣಲಿಲ್ಲವೇ?

ಆ ಮಹಾಶಯ ನನ್ನ ಮಾತನ್ನು ಎತ್ತಿಕೊಂಡ. ನೀವು ನಿಮ್ಮ ಮಾತನ್ನು ನನ್ನ ಬಾಯಿಗೆ ತುರುಕಿದ್ದೀರಿ. ಎರಡರಲ್ಲಿ ಯಾವುದು ಹೆಚ್ಚಿನ ಅಪರಾಧವೆಂದು ನಿಮ್ಮ ವಕೀಲರನ್ನೇ ಕೇಳಿ. ಉತ್ತರ ಬರುವವರೆಗೆ ಅನುಮತಿ ಇಲ್ಲ, ಒಂದು ಭಾಗಕ್ಕೂ ಇಲ್ಲ.

ಅನಸೂಯ ಅಂದಾನಿ

*

ಪಶ್ಚಿಮ ತಾಂಬರಂ
9 ಮೇ 1999

ಪೂಜ್ಯ ಅನಸೂಯ ಅವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಅನ್ನ ನೋಡಿದರೆ ನಾಚಿಕೆಯಾಗುತ್ತಿತ್ತು. ನಿಜ, ನನಗೆ ಕಾಣಲಿಲ್ಲ. ಮೂರು ಹೊತ್ತೂ ಅನ್ನ ತಿನ್ನುವ ನಮಗೆ ಗಿರಿಜೆಯ ಕೈಯಲ್ಲಿ ಅಕ್ಕಿ ಕಂಡರೆ ಅದು ವಿಚಿತ್ರವೆಂದೇ ತೋರುವುದಿಲ್ಲ. ರೊಟ್ಟಿಯ ಸದ್ದಿನ ಬಗ್ಗೆ ಎರಡನೆಯ ಅಧ್ಯಾಯದಲ್ಲಿ ನಾಲ್ಕು ಪುಟ ಬರೆದವಳು ನಾನೇ. ದೀಪದ ಬುಡದಲ್ಲಿ ಕತ್ತಲೆ.

ಮೂರನೆಯ ದಿನ ಸಂಘಕ್ಕೆ ಹೋದೆ. ಹರಿದಾಸರಿಗೆ ಈಗ ಎಪ್ಪತ್ತೆಂಟು. ನಿಮ್ಮ ಪುಸ್ತಕವನ್ನು ಕಪಾಟಿನಿಂದ ತಾವೇ ತೆಗೆದುಕೊಟ್ಟು, ನನ್ನ ಕೈಚೀಲದಲ್ಲಿ ತಿಂಡಿಯ ಡಬ್ಬ ಇದೆಯೇ ಎಂದು ಇಣುಕಿ ನೋಡಿದರು. ಪುಟ ತಿರುವಿದೆ. 142ರ ನಂತರ 145. ನಡುವಿನ ಹಾಳೆಯೇ ಇಲ್ಲ. ಹೊಲಿಗೆಯ ಹತ್ತಿರ ಒಂದು ಚೂರು ಕಾಗದ ಮಾತ್ರ ಉಳಿದಿದೆ.

ಮನೆಗೆ ಬಂದು ಅಟ್ಟದ ಮೇಲಿನ ಗಂಟು ಇಳಿಸಿದೆ. ರೈಲಿನ ಹಳೆಯ ನೋಟುಬುಕ್ಕುಗಳು ಅದರಲ್ಲಿದ್ದವು. ಆ ವಾರದ ಸರದಿ ವೃಂದಾಳದು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ, ಎಲ್ಲೂ ಒಂದು ಕಾಟು ಇರುವುದಿಲ್ಲ. ಆದರೆ ಆ ಒಂದು ಪುಟದಲ್ಲಿ ಮಾತ್ರ ತುಂಬ ಕಾಟುಗಳು. ‘ಅತ್ತಳು’ ಎಂದು ಬರೆದು ಹೊಡೆದಿದ್ದಾಳೆ. ‘ಮಾತು ಬಿಟ್ಟ ಓರಗಿತ್ತಿ’ ಎನ್ನುವುದನ್ನು ಮೂರು ಸಲ ತಿದ್ದಿದ್ದಾಳೆ. ನಕಲು ಮಾಡುವವರು ಯಾಕೆ ತಿದ್ದುತ್ತಾರೆ, ನೀವೇ ಹೇಳಿ.

ಆಗ ಎಲ್ಲ ನೆನಪಾಯಿತು. ಹಿಂದಿನ ವಾರ ಲಕ್ಷ್ಮೀಯ ಓದು ನಿಂತದ್ದು ಗಿರಿಜೆ ಹಿಂದಿನ ಕೋಣೆಯ ಬಾಗಿಲು ತೆಗೆಯುವಲ್ಲಿ. ಸೋಮವಾರ ಎಲ್ಲರೂ ಕಾಯುತ್ತಿದ್ದೆವು. ಹಾಳೆ ಹರಿದುಹೋಗಿದೆ ಎಂದು ವೃಂದಾ ಹೇಳಬಹುದಿತ್ತು. ಹೇಳಲಿಲ್ಲ, ಓದಿಬಿಟ್ಟಳು. ನಾವು ಅನಸೂಯ ಅಂದಾನಿಯವರನ್ನು ಹೊಗಳಿದ್ದೇ ಹೊಗಳಿದ್ದು. “ಎಂಥಾ ಬರಹಗಾರ್ತಿ ಕಣೇ!” ಎಂದು ನಾನು ಅವಳ ತೋಳು ಹಿಡಿದು ಅಲ್ಲಾಡಿಸಿದ್ದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಹದಿನೈದು ವರ್ಷ ಒಂದೇ ಬೆಂಚಿನಲ್ಲಿ ಕೂತು ಪ್ರಯಾಣ ಮಾಡಿದೆವು, ಒಂದು ಸಲವೂ ಬಾಯಿ ಬಿಡಲಿಲ್ಲ.

ತಪ್ಪು ನನ್ನದೇ. ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಪ್ರಮೋದರಿಗೆ ಹೇಳಿದ್ದೇನೆ. ಆರನೆಯ ಅಧ್ಯಾಯ ಬಿಟ್ಟರೆ ಉಳಿದ ಪುಸ್ತಕ ನಿಲ್ಲುವುದಿಲ್ಲ. ಅದನ್ನು ಇಟ್ಟರೆ ನಿಮ್ಮ ಮೇಲೆ ಸುಳ್ಳು ಹೊರಿಸಿದ ಹಾಗೆ.

ಅಪರಾಧಿ,
ಅಂಬುಜಾ

*

ಗದಗ
24 ಮೇ 1999

ತಂಗಿ ಅಂಬುಜಾ,

‘ಅಪರಾಧಿ’ ಎಂದೆಲ್ಲ ಸಹಿ ಹಾಕಬೇಡ. ನಾಟಕ ಕಂಪನಿಯ ಕಾಗದದ ಹಾಗೆ ಕಾಣುತ್ತದೆ. ಇನ್ನು ಮೇಲೆ ನೀನು ಎನ್ನುತ್ತೇನೆ, ಬೇಸರವಿದ್ದರೆ ಹೇಳು.

ಆ ಹಾಳೆಯಲ್ಲಿ ನಾನು ಏನು ಬರೆದಿದ್ದೆ ಎಂದು ಕೇಳುವ ಧೈರ್ಯ ನಿನಗಾಗಲಿಲ್ಲ. ನಾನೇ ಹೇಳುತ್ತೇನೆ. 143ರಲ್ಲಿ ಗಿರಿಜೆ ಅಳುತ್ತಾಳೆ. 144ರಲ್ಲಿಯೂ ಅಳುತ್ತಾಳೆ. ನಡುವೆ ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ, ಅದು ಮುಂದೆ ಅಳುವುದಕ್ಕೆ ಅನುಕೂಲವಾಗಲೆಂದು. ಪುಸ್ತಕ ಅಚ್ಚಾದ ದಿನದಿಂದ ಆ ಎರಡು ಪುಟ ನನಗೆ ಹಿಡಿಸಿಲ್ಲ. ಅಲ್ಲಿ ಏನಿರಬೇಕಿತ್ತು ಎಂಬುದು ಮಾತ್ರ ಇಪ್ಪತ್ತೈದು ವರ್ಷವಾದರೂ ಹೊಳೆಯಲಿಲ್ಲ. ನಿನ್ನ ಗೆಳತಿಗೆ ಒಂದು ಸಂಜೆಯಲ್ಲಿ ಹೊಳೆಯಿತು. ಅವಳೂ ಮೊದಲು ‘ಅತ್ತಳು’ ಎಂದೇ ಬರೆದಳು, ಆಮೇಲೆ ಹೊಡೆದಳು. ನಾನು ಹೊಡೆಯಲಿಲ್ಲ. ಅವಳಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಅದು ಬಹಳ ದೊಡ್ಡದು. ಏಪ್ರಿಲಿನಲ್ಲಿ ಬಂದದ್ದು ಬರೀ ಸಿಟ್ಟಲ್ಲ ತಂಗಿ, ಹೊಟ್ಟೆಕಿಚ್ಚೂ ಇತ್ತು.

ನಿನ್ನ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡರೆ ನಾನೇ ಮದ್ರಾಸಿಗೆ ಬಂದು ಜಗಳವಾಡುತ್ತೇನೆ. ಆರನೆಯ ಅಧ್ಯಾಯ ಇರಲಿ. ನಡೆದದ್ದನ್ನು ನಡೆದ ಹಾಗೆ ಬರೆ: ಹರಿದ ಹಾಳೆ, ರೈಲು, ಕಾಟು, ಎಲ್ಲ. ನಲವತ್ತು ಭಾಗಗಳಿಗೆ ನನ್ನ ಅನುಮತಿ ಇದೋ ಇದೆ. ಉಳಿದ ಆ ಇಪ್ಪತ್ತೇಳನೆಯದಕ್ಕೆ ಅನುಮತಿ ಕೊಡಲು ನಾನು ಯಾರು? ಅದು ವೃಂದಾಳದು. ನಿನ್ನ ವಕೀಲರನ್ನು ಕೇಳು: ಬರೆದವರು ತೀರಿಕೊಂಡರೆ ಹಕ್ಕು ಮಕ್ಕಳಿಗೆ ಬರುತ್ತದೆ, ಅರುವತ್ತು ವರ್ಷ ಇರುತ್ತದೆ. ಅಚ್ಚಾಗದ ಬರಹವಾದರೆ ಇನ್ನೂ ಹೆಚ್ಚು ಜೋಪಾನವಾಗಿರಬೇಕು.

ನನಗೂ ಒಂದು ಆಸೆಯಿದೆ. ಇಲ್ಲಿಯ ಒಬ್ಬ ಪ್ರಕಾಶಕರು ‘ಎರಡನೇ ಒಲೆ’ಯ ಎರಡನೇ ಮುದ್ರಣ ತರುತ್ತೇನೆ ಎನ್ನುತ್ತಿದ್ದಾರೆ. ಅದರ ಮುನ್ನುಡಿಯಲ್ಲಿ ಆ ಭಾಗವನ್ನು ಪೂರ್ತಿ ಉದ್ಧರಿಸಬೇಕು, ವೃಂದಾಳ ಹೆಸರಿನಲ್ಲಿ. ಅದಕ್ಕಾಗಿ ಅವಳ ಮಕ್ಕಳಿಗೆ ಒಂದು ಕಾಗದ ಇದರೊಳಗೆ ಇಟ್ಟಿದ್ದೇನೆ. ಯಾರಿಗೂ ಇಂಥ ಕಾಗದ ಬರೆದವಳಲ್ಲ ನಾನು. ಎರಡು ಸಲ ಹರಿದು ಬರೆದೆ.

ಅಕ್ಕಿಯನ್ನು ಜೋಳ ಮಾಡಲೇ, ಹನ್ನೊಂದನ್ನು ಒಂಬತ್ತು ಮಾಡಲೇ ಎಂಬುದನ್ನೂ ಅವರನ್ನೇ ಕೇಳಿದ್ದೇನೆ. ಹುಚ್ಚಮ್ಮ ಈಗ ಅಕ್ಕಿಯೇ ಇರಲಿ ಎನ್ನುತ್ತಾಳೆ.

ನಿನ್ನ ಅನಸೂಯಕ್ಕ

*

ಪಶ್ಚಿಮ ತಾಂಬರಂ
28 ಜೂನ್ 1999

ಪ್ರೀತಿಯ ಅನಸೂಯಕ್ಕ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಕೆಲಸ ಮಾತ್ರ ಇನ್ನೂ ಆಗಿಲ್ಲ.

ವೃಂದಾಳಿಗೆ ಒಬ್ಬಳೇ ಮಗಳು, ಮಧುರಾ. ಗಂಡ ತೀರಿಕೊಂಡದ್ದು ಅವಳಿಗಿಂತ ಮೊದಲು. ಮಧುರಾ ತಿರುವೊಟ್ಟಿಯೂರಿನ ಬ್ಯಾಂಕೊಂದರಲ್ಲಿದ್ದಾಳೆ, ಮನೆಯೂ ಅಲ್ಲೇ. ಕಳೆದ ಭಾನುವಾರ ಹುಡುಕಿಕೊಂಡು ಹೋದೆ. ಕನ್ನಡ ಮಾತಾಡುತ್ತಾಳೆ, ನಡುನಡುವೆ ತಮಿಳು. ಓದಲು ಬರುವುದಿಲ್ಲ. “ಅಮ್ಮ ಕಥೆ ಎಲ್ಲಾ ಬರೀತಿದ್ಲಾ ಆಂಟಿ? ಮನೇಲಿ ಹಾಲಿನ ಲೆಕ್ಕ, ಕಣಕ್ಕು ಬಿಟ್ರೆ ಬೇರೆ ಏನೂ ಬರೆದಿದ್ದು ನಾನು ನೋಡ್ಲೇ ಇಲ್ಲ” ಎಂದು ನಕ್ಕಳು.

ನಿಮ್ಮ ಕಾಗದ ಓದಿ ಹೇಳಿದೆ. ಆಮೇಲೆ ವೃಂದಾಳ ಪುಟವನ್ನು ಓದಿದೆ. ರೈಲಿನಲ್ಲಿ ಓದುತ್ತಿದ್ದ ಹಾಗೆ ನಿಧಾನವಾಗಿ ಓದಿದೆ. ಮುಗಿದ ಮೇಲೆ ತಲೆಯೆತ್ತಿ ನೋಡಿದರೆ ಅವಳ ಮುಖದಲ್ಲಿ ನಗು ಇರಲಿಲ್ಲ. “ಬಟ್ಟೆ ತೆಗೀಬೇಕು” ಎಂದು ಎದ್ದು ಮಹಡಿಗೆ ಹೋದಳು. ಕಾಲು ಗಂಟೆಯಾದರೂ ಬರಲಿಲ್ಲ. ಬಂದಾಗ ಕೈಯಲ್ಲಿ ಬಟ್ಟೆ ಇರಲಿಲ್ಲ. “ಯೋಚನೆ ಮಾಡಿ ಹೇಳ್ತೀನಿ ಆಂಟಿ” ಎಂದಳು. ಕಾಫಿ ಕೊಟ್ಟಳು, ಬಸ್ ಸ್ಟಾಪಿನವರೆಗೆ ಬಂದಳು.

ಅವಳಿಗೆ ನೋವಾಯಿತೋ ಸಿಟ್ಟು ಬಂತೋ ತಿಳಿಯದು. ತಾಯಿ ಗುಟ್ಟಾಗಿ ಇಟ್ಟದ್ದನ್ನು ನಾನು ಊರಿಗೆಲ್ಲ ಹೇಳಲು ಹೊರಟಿದ್ದೇನೆ ಎನ್ನಿಸಿರಬಹುದು. ಅವಳು ಬೇಡವೆಂದರೆ ಆರನೆಯ ಅಧ್ಯಾಯವನ್ನು ನಾನೇ ನನ್ನ ಕೈಯಾರೆ ತೆಗೆದುಬಿಡುತ್ತೇನೆ. ಪುಸ್ತಕ ಕುಂಟುತ್ತಲೇ ಹೋಗಲಿ. ವೃಂದಾ ಹದಿನೈದು ವರ್ಷ ಬಾಯಿ ಬಿಡದಿದ್ದಕ್ಕೆ ಕಾರಣ ಇದ್ದೇ ಇರಬೇಕು.

ನಿಮ್ಮ,
ಅಂಬುಜಾ

*

ತಿರುವೊಟ್ಟಿಯೂರು, ಚೆನ್ನೈ
22 ಆಗಸ್ಟ್ 1999

ಅನಸೂಯ ಅಮ್ಮನವರಿಗೆ,

ನಾನು ಮಧುರಾ, ವೃಂದಾ ಮಗಳು. ನಾನು ಹೇಳ್ತಾ ಇದೀನಿ, ಅಂಬುಜಾ ಆಂಟಿ ಬರೀತಾ ಇದಾರೆ. ಒಂದು ಮಾತೂ ಸರಿ ಮಾಡಬಾರದು ಅಂತ ಸೊಲ್ಲಿಬಿಟ್ಟಿದೀನಿ. ಅವರು ಮುಖ ಸಿಂಡರಿಸ್ಕೊಂಡು ಅದನ್ನೂ ಬರೀತಾ ಇದಾರೆ.

ಇಷ್ಟು ದಿನ ಆಯ್ತು, ತಪ್ಪು ತಿಳ್ಕೋಬೇಡಿ. ನನಗೆ ಕೋಪ ಇಲ್ಲ. ಆವತ್ತು ಆಂಟಿ ಓದಿದಾಗ ಅಲ್ಲಿ ಕೂತಿರೋಕೆ ಆಗ್ಲಿಲ್ಲ, ಅಷ್ಟೇ.

ಅದು ಕಥೆ ಅಲ್ಲಮ್ಮ. ನಾವು ಮುಂಚೆ ತಿರುವಲ್ಲಿಕ್ಕೇಣಿಯಲ್ಲಿ ತಾತನ ಮನೇಲಿ ಇದ್ವಿ. ಹನ್ನೊಂದು ಜನ. ತಾತ, ಪಾಟಿ, ದೊಡ್ಡಪ್ಪ ದೊಡ್ಡಮ್ಮ ಅಂದ್ರೆ ಪೆರಿಯಪ್ಪ ಪೆರಿಯಮ್ಮ, ಅವರ ಮಕ್ಕಳು, ಚಿತ್ತಪ್ಪ, ಎಲ್ಲಾರೂ. ಏನೋ ಜಗಳ ಆಯ್ತು, ಏನು ಅಂತ ನನಗೆ ಈಗ್ಲೂ ಗೊತ್ತಿಲ್ಲ. ಪೆರಿಯಮ್ಮ ಅಮ್ಮನ ಹತ್ರ ಮಾತು ಬಿಟ್ಟುಬಿಟ್ರು. ಅಪ್ಪಂಗೆ ತಾಂಬರಂನಲ್ಲಿ ರೈಲ್ವೆ ಕ್ವಾರ್ಟರ್ಸ್ ಸಿಕ್ತು, ನಾವು ಮೂರು ಜನ ಬಂದ್ವಿ. ನನಗೆ ಆಗ ಆರು ವರ್ಷ. ಮೊದಲನೇ ದಿನ ಅಮ್ಮ ಒಂದು ಮೊರ ಒದ್ದೆ ಅಕ್ಕಿ ತಗೊಂಡು ಮೊಟ್ಟೆಮಾಡಿಗೆ, ಮೇಲಿನ ತಾರಸಿಗೆ, ಹೋದ್ಲು. ಹಳೇ ಸೀರೆ ಹಾಸಿ ಹರಡಿದ್ಲು. ನನ್ನ ಕೈಗೆ ಒಂದು ಕೋಲು ಕೊಟ್ಟು, “ಕಾಗೆ ಬರದೇ ಇರೋ ಹಾಗೆ ನೋಡ್ಕೋ” ಅಂದ್ಲು. ನಾನು ಸಾಯಂಕಾಲದವರೆಗೂ ಕೂತಿದ್ದೆ. ಇಷ್ಟೊಂದು ಅಕ್ಕಿ ಯಾಕಮ್ಮ ತೊಳೆದೆ ಅಂತ ಕೇಳಿದ್ದಕ್ಕೆ, “ಮರೆತೆ ಕಣೇ” ಅಂದ್ಲು. ಅಮ್ಮ ಅಳ್ಲಿಲ್ಲ. ಅವಳು ಅತ್ತಿದ್ದು ನಾನು ಯಾವತ್ತೂ ನೋಡ್ಲಿಲ್ಲ. ಅದಕ್ಕೇ ಅವಳಿಗೆ ಏನೂ ಅನ್ನಿಸ್ಲೇ ಇಲ್ಲ ಅಂದ್ಕೊಂಡಿದ್ದೆ, ಇಷ್ಟು ವರ್ಷ.

ಅವಳು ನಿಮ್ಮ ಪುಸ್ತಕ ಓದಿದ್ದು ಅದಾದ ಮಾರನೇ ವರ್ಷ ಅಂತ ಆಂಟಿ ಹೇಳಿದ್ರು. ನಿಮ್ಮ ಪುಸ್ತಕದಲ್ಲಿ ಒಂದು ಹಾಳೆ ಖಾಲಿ ಸಿಗದೇ ಇದ್ದಿದ್ರೆ ಅವಳು ಅದನ್ನ ಎಲ್ಲೂ ಇಡ್ತಾ ಇರ್ಲಿಲ್ಲ. ನಿಮಗೆ ನಾನು ತುಂಬಾ ಋಣಿ ಅಂತ ಹೇಳಬೇಕು, ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ.

ಹಾಕಿ. ನಿಮ್ಮ ಪುಸ್ತಕದಲ್ಲೂ ಹಾಕಿ, ಆಂಟಿ ಪುಸ್ತಕದಲ್ಲೂ ಹಾಕಿ. ಅಮ್ಮನ ಹೆಸರು ಪೂರ್ತಿ ಹಾಕಿ. ಅಕ್ಕಿ ಅಕ್ಕಿಯಾಗೇ ಇರಲಿ, ಹನ್ನೊಂದು ಹನ್ನೊಂದಾಗೇ ಇರಲಿ, ಕಮ್ಮಿ ಮಾಡಬೇಡಿ.

ಕೊನೇಲಿ ಅಮ್ಮ ಬರೆದಿದಾಳಲ್ಲ, ಯಾರೂ ಬಂದು ಕೇಳಲಿಲ್ಲ ಅಂತ. ಅದು ನಿಜ. ತಾತನ ಮನೆಯಿಂದ ಯಾರೂ ಬರ್ಲಿಲ್ಲ, ಯಾರೂ ಏನೂ ಕೇಳ್ಲಿಲ್ಲ. ಇಪ್ಪತ್ತೆರಡು ವರ್ಷ ಆದ್ಮೇಲೆ ನೀವು ಕೇಳಿದ್ರಿ.

ಆಂಟಿ ಪೆನ್ನು ಕೆಳಗಿಟ್ಟು ಮೂಗು ಒರೆಸ್ಕೋತಾ ಇದಾರೆ. ಇದನ್ನೂ ಬರೀರಿ ಅಂದೆ, ಬರೆದಿದಾರೆ. ಕೆಳಗೆ ತಮಿಳಲ್ಲಿ ಇರೋದು ನನ್ನ ಸಹಿ. ಅದರ ಪಕ್ಕದಲ್ಲಿ, ಸ್ವಲ್ಪ ಸೊಟ್ಟಗೆ, ಕನ್ನಡದಲ್ಲಿ ಇರೋದು ಇವತ್ತು ಬೆಳಿಗ್ಗೆ ಕಲಿತಿದ್ದು:

ವೃಂದಾ ಮಗಳು ಮಧುರಾ